ಬೇಸ್ ಗಿಟಾರಿಗೆ ತಕ್ಕ ಧ್ವನಿವರ್ಧಕ

ಅಮೆರಿಕದ ಲಿಯೋ ಫೆಂಡರರು 1951ರಲ್ಲಿ 'ಪ್ರಿಸಿಷನ್' ಬೇಸ್ ಗಿಟಾರನ್ನು ಹೊರತಂದರು. ಮರುವರ್ಷವೇ ಅದಕ್ಕೆಂದು 'ಬೇಸ್‌ಮನ್' ಧ್ವನಿವರ್ಧಕವೂ ಬಂದಿತು. ಸಾಮಾನ್ಯ ಗಿಟಾರಿನ ಯಂತ್ರ ಇದಕ್ಕೇಕೆ ಸಾಲದು? ಗಿಟಾರಿನ ಅತಿ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ, ಬೇಸಿನದು 41 ಸಲ. ನಾದವು ಮಂದ್ರವಾದಷ್ಟೂ ಸ್ಪೀಕರು ಹೆಚ್ಚು ಗಾಳಿಯನ್ನು ತಳ್ಳಬೇಕು. ಸಣ್ಣದು ಆ ಶ್ರಮವನ್ನು ತಾಳದೆ ಹರಿದೀತು.

ಚಿಕ್ಕ ಗೋಷ್ಠಿಗೆ ಕೊಳ್ಳುವವರು ವಾಟುಗಳ ಸಂಖ್ಯೆಗೆ ಮರುಳಾಗಬಾರದು. ವಾಟು ಇಮ್ಮಡಿಯಾದರೂ ಧ್ವನಿ ಏರುವುದು 3 ಡೆಸಿಬೆಲ್ ಮಾತ್ರ. ಆದುದರಿಂದ ಒಳ್ಳೆಯ ಸ್ಪೀಕರಿಗೆ ಮೊದಲು ಹಣ ಹಾಕುವುದು ಲೇಸು. 8 ಓಮಿನ ಎರಡು ಪೆಟ್ಟಿಗೆಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು 4 ಓಮ್ ಆಗುತ್ತದೆ. ಯಂತ್ರಕ್ಕೆ ಅಷ್ಟು ಕಡಿಮೆ ಸಲ್ಲದಿದ್ದರೆ ಅದು ಸುಟ್ಟೀತು. ಗೆಳೆಯರೆಲ್ಲ ಕೂಡಿಸಿದ ಹಣ ಹೊಗೆಯಾಗುವ ಮುನ್ನ ಹಿಂಬದಿಯ ಬರಹವನ್ನು ಓದಿಕೊಳ್ಳುವುದು ಒಳಿತು.