ಇಪ್ಪತ್ತರಲ್ಲಿ ಒಂದೇ ಚುಕ್ಕಿ ಅಸಲಿ

ಸಹಕಾರನಗರದ ಓದುಗರೊಬ್ಬರ ಪ್ರಶ್ನೆ: ‘ಹೊಸ 4ಕೆ ಟಿವಿ ತಂದೆವು. ನಮ್ಮ ಮದುವೆಯ ಡಿವಿಡಿ ಹಾಕಿದರೆ ಹಳೆಯ ಡಬ್ಬಾ ಟಿವಿಯಲ್ಲಿ ಕಂಡಷ್ಟೂ ಚೆನ್ನಾಗಿ ಕಾಣುವುದಿಲ್ಲ. 4ಕೆ ಅಪ್‌ಸ್ಕೇಲಿಂಗ್ ಇರುವ ಪ್ಲೇಯರ್ ಕೊಂಡರೆ ಸರಿಹೋಗುತ್ತದೆ ಅಂತಾರೆ ಅಂಗಡಿಯವರು. ಕೊಳ್ಳಬೇಕೆ?’

ಮೊದಲು ಲೆಕ್ಕ ನೋಡೋಣ. ನಮ್ಮ ಪಾಲ್ ಪದ್ಧತಿಯ ಡಿವಿಡಿಯಲ್ಲಿ ಒಂದು ಚಿತ್ರಕ್ಕೆ ಅಡ್ಡಡ್ಡ 720, ಮೇಲಿಂದ ಕೆಳಕ್ಕೆ 576, ಅಂದರೆ 4,14,720 ಚುಕ್ಕಿ. 4ಕೆ ಪರದೆಯಲ್ಲಿ 82,94,400. ಸರಿಯಾಗಿ ಇಪ್ಪತ್ತು ಪಟ್ಟು! ಪರದೆ ತುಂಬ ಹಬ್ಬಿದ ಡಿವಿಡಿ ಚಿತ್ರದಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು ಚುಕ್ಕಿ ವಿಡಿಯೊ ಪ್ರೊಸೆಸರ್ ಎಂಬ ಚಿಪ್ ಊಹಿಸಿ ಇಟ್ಟವು. ಅಪ್‌ಸ್ಕೇಲಿಂಗ್ ಎಂದರೆ ಇದೇ.

ಚುಕ್ಕಿ ರಂಗೋಲಿಯನ್ನು ನೆನೆಯಿರಿ. ಬಿಟ್ಟ ಚುಕ್ಕಿಗಳ ನಡುವೆ ಇನ್ನಷ್ಟು ಚುಕ್ಕಿ ತುಂಬಬೇಕು. ಕೈ ಪಳಗದವರು ಅಕ್ಕಪಕ್ಕದ ಎರಡನ್ನು ನೋಡಿ ನಡುವೆ ಒಂದು ಇಟ್ಟುಬಿಡುತ್ತಾರೆ. ಓರೆಯಾಗಿ ಸಾಗುವ ಎಳೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ಪಳಗಿದವರು ಎಳೆ ಯಾವ ದಿಕ್ಕಿಗೆ ಓಡುತ್ತಿದೆಯೆಂದು ಕಂಡುಕೊಂಡು ಅದೇ ಜಾಡಿನಲ್ಲಿ ಇಡುತ್ತಾರೆ. ಒಳ್ಳೆಯ ಚಿಪ್ಪಿಗೂ ಸಾಧಾರಣ ಚಿಪ್ಪಿಗೂ ಇರುವ ಮುಖ್ಯ ವ್ಯತ್ಯಾಸ ಇದೇ.

ಹಳೆಯ ವಿಡಿಯೊದಲ್ಲಿ ಇನ್ನೊಂದು ತೊಡಕಿದೆ. 1930ರಲ್ಲಿ ಜರ್ಮನಿಯ ಟೆಲಿಫುಂಕೆನ್ ಕಂಪನಿಯ ಫ್ರಿಟ್ಸ್ ಶ್ರೋಟರ್ ಚಿತ್ರವನ್ನು ಎರಡು ಕಂತಿನಲ್ಲಿ ಬರೆಯುವ ಉಪಾಯಕ್ಕೆ ಪೇಟೆಂಟ್ ಪಡೆದರು. ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು. ನಮ್ಮಲ್ಲಿ ಸೆಕೆಂಡಿಗೆ 50 ಅರ್ಧಚಿತ್ರ. ಜೆ.ಸಿ. ನಗರದ ದೂರದರ್ಶನ ಕೇಂದ್ರದ ಕಾರ್ಯಕ್ರಮಗಳು ದಶಕಗಳ ಕಾಲ ಮನೆಮನೆಗೆ ಬಂದದ್ದು ಹೀಗೆಯೇ. ಜಾಲಹಳ್ಳಿಯ ಬಿಇಎಲ್ ಒಂದು ಕಾಲಕ್ಕೆ ತಯಾರಿಸುತ್ತಿದ್ದಂಥ ಪಿಕ್ಚರ್ ಟ್ಯೂಬಿನ ಮೇಲೆ ಈ ಎರಡು ಅರ್ಧಗಳನ್ನು ಕಣ್ಣೇ ಬೆಸೆಯುತ್ತಿತ್ತು. ಇಂದಿನ ಚಪ್ಪಟೆ ಪರದೆಗೆ ಇಡೀ ಚಿತ್ರ ಒಟ್ಟಿಗೇ ಬೇಕು. ಬೆಸೆಯುವ ಕೆಲಸ ಚಿಪ್ಪಿನ ಪಾಲಿಗೆ ಬಂತು.

ಮದುವೆ ಡಿವಿಡಿಯಲ್ಲಿ ಅಕ್ಷತೆ ಹಾಕುವ ಗಳಿಗೆಯನ್ನೇ ನೋಡಿ. ಮೊದಲ ಅರ್ಧಚಿತ್ರಕ್ಕೂ ಎರಡನೆಯದಕ್ಕೂ ಸೆಕೆಂಡಿನ ಐವತ್ತನೇ ಒಂದು ಭಾಗದ ಅಂತರ. ಅಷ್ಟರಲ್ಲಿ ಬೀಸಿದ ಕೈ ಮುಂದೆ ಹೋಗಿರುತ್ತದೆ. ಎರಡನ್ನೂ ಹಾಗೆಯೇ ಸೇರಿಸಿದರೆ ಬೆರಳಿನ ಅಂಚು ಗೆರೆಗೆರೆಯಾಗಿ ಸೀಳುತ್ತದೆ. ಹಾಗಾಗದಿರಲೆಂದು ಒಂದು ಅರ್ಧವನ್ನೇ ಬಿಟ್ಟರೆ, ಅಲುಗಾಡದೆ ಕೂತವರ ಸೀರೆಯ ಜರಿ ಅಂಚೂ ಮಸುಕಾಗುತ್ತದೆ. ಜಾಣ ಚಿಪ್ ಚಲಿಸುವ ಜಾಗದಲ್ಲಿ ಮಾತ್ರ ಊಹೆ ಮಾಡಿ, ನಿಂತ ಜಾಗದಲ್ಲಿ ಎರಡೂ ಅರ್ಧಗಳನ್ನು ಉಳಿಸಿಕೊಳ್ಳುತ್ತದೆ.

ಈ ವಿದ್ಯೆಯಲ್ಲಿ ದೊಡ್ಡ ಹೆಸರು ಈವ್ ಫರೂಜಾ. ಫ್ರಾನ್ಸ್ ಮೂಲದ ಈ ಎಂಜಿನಿಯರ್ 1971ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪ್ರಯೋಗಾಲಯ ತೆರೆದರು. ಅವರ ಸಾಧನಗಳು ಮೊದಲು ಸಿರಿವಂತರ ಹೋಂ ಥಿಯೇಟರಿನಲ್ಲಿ ಪ್ರತ್ಯೇಕ ಪೆಟ್ಟಿಗೆಗಳಾಗಿ ಕೂತಿದ್ದವು. ಆಮೇಲೆ ಚಿಪ್ಪಿಗೆ ಇಳಿದ ಆ ತಂತ್ರ ಜೆನೆಸಿಸ್ ಮೈಕ್ರೋಚಿಪ್ ಕಂಪನಿಯ ಕೈಸೇರಿ, ಡಿವಿಡಿ ಪ್ಲೇಯರುಗಳ ಹೊಟ್ಟೆಗೇ ಹೋಯಿತು. ಆ ಕಂಪನಿಯ ವಿನ್ಯಾಸ ಕೇಂದ್ರವೊಂದು ನಮ್ಮ ಬೆಂಗಳೂರಿನಲ್ಲೂ ಇತ್ತೆಂಬುದು ಹೆಮ್ಮೆಯ ಮಾತು.

ಈಗ ಅಂಗಡಿಯ ಮಾತಿಗೆ ಬರೋಣ. ಊಹಿಸುವ ಚಿಪ್ ಇಂದು 4ಕೆ ಟಿವಿಯೊಳಗೇ ಇದೆ. ಪ್ಲೇಯರ್ ಊಹಿಸಿ ಕಳಿಸಿದ್ದನ್ನು ಟಿವಿ ಅಸಲಿಯೆಂದೇ ನಂಬುತ್ತದೆ. ಅಲ್ಲಿ ಆದ ತಪ್ಪನ್ನು ತಿದ್ದಲಾರದು. ಆದ್ದರಿಂದ ನಿಮ್ಮಲ್ಲಿರುವ ಪ್ಲೇಯರಿನ ಸೆಟ್ಟಿಂಗಿನಲ್ಲಿ 576ಐ ಇಟ್ಟು ಅಕ್ಷತೆಯ ದೃಶ್ಯ ನೋಡಿ. ಪೂರ್ತಿ ಕೆಲಸ ಟಿವಿಯದು. ಆಮೇಲೆ 576ಪಿ, ಬೆಸುಗೆ ಪ್ಲೇಯರಿನದು, ಹಿಗ್ಗಿಸುವುದು ಟಿವಿಯದು. ಕೊನೆಗೆ 1080ಪಿ; ಬೆಸೆದು ಆ ಮಟ್ಟಕ್ಕೆ ಹಿಗ್ಗಿಸುವುದೂ ಪ್ಲೇಯರಿನದೇ. ಕಣ್ಣಿಗೆ ಹಿತವಾದದ್ದನ್ನು ಉಳಿಸಿಕೊಳ್ಳಿ. ಬ್ಲೂ-ರೇ ಸಿನಿಮಾಗಳಲ್ಲಂತೂ ಸಾಮಾನ್ಯವಾಗಿ ಸೆಕೆಂಡಿಗೆ 24 ಇಡೀ ಚಿತ್ರಗಳೇ ಇರುವುದರಿಂದ ಬೆಸೆಯುವ ಪ್ರಮೇಯವೇ ಇಲ್ಲ. ಅವಕ್ಕಾಗಿ ದುಬಾರಿ ಪ್ರೊಸೆಸರ್ ಕೊಂಡರೆ ಫಲ ಕಡಿಮೆ.

ಹಣ, ಶ್ರಮ ಎರಡನ್ನೂ ಡಿಸ್ಕ್ ಕಾಪಾಡುವುದಕ್ಕೆ ಮೀಸಲಿಡಿ. ಮನೆಯಲ್ಲೋ ಸ್ಟುಡಿಯೊದಲ್ಲೋ ಬರ್ನ್ ಮಾಡಿದ ಡಿವಿಡಿಯ ಬಣ್ಣದ ಪದರ ವರ್ಷ ಕಳೆದಂತೆ ಕೆಡುತ್ತದೆ. ಅದರ ಕಡತಗಳನ್ನು ಇದ್ದಂತೆಯೇ ಎರಡು ಕಡೆ ನಕಲು ಮಾಡಿಡಿ. ‘4ಕೆಗೆ ಪರಿವರ್ತಿಸಿ ಕೊಡುತ್ತೇವೆ’ ಎಂದವರಿಗೆ ಆ ನಕಲು ಕೊಡಿ, ಮೂಲವನ್ನು ಮಾತ್ರ ಅಳಿಸಬೇಡಿ. ಪರಿವರ್ತಿಸಿದ ಕಡತದಲ್ಲಿ ಇಂದಿನ ಊಹೆ ಅಚ್ಚಾಗಿ ಕೂತುಬಿಡುತ್ತದೆ. ಮೂಲ ಉಳಿದಿದ್ದರೆ, ಹತ್ತು ವರ್ಷದ ನಂತರ ಬರುವ ಇನ್ನೂ ಜಾಣ ಚಿಪ್ ಅದೇ ಚುಕ್ಕಿಗಳಿಂದ ಇನ್ನೂ ಒಳ್ಳೆಯ ಚಿತ್ರ ಬಿಡಿಸಬಲ್ಲದು.