ನಾಡದೋಣಿಯ ಎಂಜಿನ್: ಮೀನುಗಾರರೇ ಮಾಡಿಕೊಳ್ಳಬಹುದಾದ ದುರಸ್ತಿ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಸಾಂಪ್ರದಾಯಿಕ ನಾಡದೋಣಿಗಳಿಗೂ 10 ಅಶ್ವಶಕ್ತಿಯವರೆಗಿನ ಎಂಜಿನ್ ಜೋಡಿಸಿದ ದೋಣಿಗಳಿಗೂ ವಿನಾಯಿತಿಯುಂಟು. ಹೀಗೆ ಕಡಲು ಪ್ರಕ್ಷುಬ್ಧವಾಗಿರುವಾಗಲೇ ಅತಿ ಸಣ್ಣ ದೋಣಿಗಳು ಅಳಿವೆ ದಾಟಬೇಕಾಗುತ್ತದೆ. ಗಂಗೊಳ್ಳಿಯಂತಹ ಅಳಿವೆಯ ಬಾಯಲ್ಲಿ ಎಂಜಿನ್ ಸ್ತಬ್ಧವಾದರೆ ದೋಣಿ ಅಲೆಗೆ ಅಡ್ಡಲಾಗಿ ತಿರುಗಿ ಮಗುಚಬಹುದು. ಅಲ್ಲಿಗೆ ಮೆಕ್ಯಾನಿಕ್ ಬರಲಾರ. ಆದುದರಿಂದ ಎಂಜಿನ್ನಿನ ಪರಿಚಯ ಮೀನುಗಾರರಿಗೆ ಪ್ರಾಣರಕ್ಷಣೆಯ ವಿದ್ಯೆಯೇ ಆಗಿದೆ.

ದೋಣಿಯ ಹೊರಬದಿಗೆ ಜೋಡಿಸುವ ಈ ಎಂಜಿನ್ನುಗಳನ್ನು ಸಾಮಾನ್ಯವಾಗಿ ಸಮುದ್ರದ ನೀರೇ ತಂಪಾಗಿಸುತ್ತದೆ. ಕೆಳಭಾಗದ ಪಂಪಿನ ರಬ್ಬರ್ ಚಕ್ರವು ನೀರನ್ನು ಮೇಲಕ್ಕೆ ತಳ್ಳುತ್ತದೆ. ಎಂಜಿನ್ನಿನ ಹೊರರಂಧ್ರದಿಂದ ಸಣ್ಣ ಧಾರೆ ಚಿಮ್ಮುತ್ತಿರುವುದೇ ಪಂಪು ಕೆಲಸ ಮಾಡುತ್ತಿರುವುದರ ಗುರುತು. ಧಾರೆ ಕ್ಷೀಣಿಸಿದರೆ ರಂಧ್ರದಲ್ಲಿ ಉಪ್ಪು ಅಥವಾ ಕಸ ಕಟ್ಟಿರಬಹುದು, ಇಲ್ಲವೇ ಮರಳಿನಿಂದ ಚಕ್ರ ಸವೆದಿರಬಹುದು. ಪ್ರತಿದಿನ ದಡ ಸೇರಿದೊಡನೆ ಸಿಹಿನೀರಿನಲ್ಲಿ ಎಂಜಿನ್ನನ್ನು ಕೆಲವು ನಿಮಿಷ ಓಡಿಸಿದರೆ ಒಳನಾಳಗಳಲ್ಲಿ ಉಪ್ಪು ಕಟ್ಟುವುದಿಲ್ಲ.

ಸೀಮೆಎಣ್ಣೆಯ ಎಂಜಿನ್ ಪೆಟ್ರೋಲಿನಿಂದ ಚಾಲನೆಗೊಂಡು, ಬಿಸಿಯಾದ ನಂತರ ಸೀಮೆಎಣ್ಣೆಗೆ ಬದಲಾಗುತ್ತದೆ. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ಬದಲಿಸಬೇಕು. ಇಲ್ಲವಾದರೆ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿದು, ಮರುದಿನ ಹಗ್ಗ ಎಳೆದೆಳೆದು ತೋಳು ಸೋಲುವುದಷ್ಟೇ ಫಲ. ಸೀಮೆಎಣ್ಣೆಯ ಮಸಿ ಸ್ಪಾರ್ಕ್ ಪ್ಲಗ್ಗಿಗೆ ಬೇಗ ಹಿಡಿಯುವುದರಿಂದ ಅದನ್ನು ಆಗಾಗ ಬಿಚ್ಚಿ ಶುಚಿಗೊಳಿಸಬೇಕು.

ಗೇರಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆಯೆಂದು ತಿಳಿಯಬೇಕು. ಇದು ಮನೆಯಲ್ಲಿ ಮುಗಿಯುವ ಕೆಲಸವಲ್ಲ. ಸೀಲು ಬದಲಿಸಲು ನುರಿತವರಲ್ಲಿಗೇ ಒಯ್ಯಬೇಕು. ಹೆಚ್ಚುವರಿ ಪ್ಲಗ್ಗು, ಅದನ್ನು ಬಿಚ್ಚುವ ಸ್ಪ್ಯಾನರು ಮತ್ತು ಪ್ರೊಪೆಲ್ಲರಿನ ಪಿನ್ನುಗಳು ಮಾತ್ರ ಸದಾ ದೋಣಿಯಲ್ಲಿಯೇ ಇರತಕ್ಕದ್ದು.