‘ಹ್ಯಾಪಿಲಿ’ ಎಂದ ಹುಡುಗ

ಭಾಲ್ಕಿಯ ಕಡೆಯ ಹುಡುಗನೊಬ್ಬ ಇಂಗ್ಲಿಷ್ ಪತ್ರಿಕೆಯಲ್ಲಿ ‘ಮೈ ಫಾದರ್ ಈಸ್ ಹ್ಯಾಪಿಲಿ’ ಎಂದು ಬರೆದು ಅಂಕ ಕಳೆದುಕೊಂಡ. ಕೆಂಪುಗೆರೆ ಎಳೆದವನು ನಾನೇ. ಅವನು ದಡ್ಡನಲ್ಲವೆಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಅವನ ಮನಸ್ಸಿನಲ್ಲಿದ್ದ ವಾಕ್ಯ ‘ಅಪ್ಪ ಸಂತೋಷವಾಗಿದ್ದಾನೆ’. ಬಿಡಿಸಿದರೆ, ‘ಸಂತೋಷವಾಗಿ ಇದ್ದಾನೆ’. ‘ಸಂತೋಷವಾಗಿ ಹಾಡಿದ’ ಎಂಬಲ್ಲಿ ಕ್ರಿಯಾವಿಶೇಷಣವಾಗಿ ನಿಂತ ಪದವೇ ಇಲ್ಲಿಯೂ ಇದೆ! ಕನ್ನಡವು ‘ಆಗಿ’ ಎಂಬ ಒಂದೇ ಬಾಲದಿಂದ ನಡೆಸುವ ಎರಡು ಕೆಲಸಗಳನ್ನು ಇಂಗ್ಲಿಷು ಬೇರ್ಪಡಿಸುತ್ತದೆ: ಹಾಡುವುದಕ್ಕೆ ‘ಹ್ಯಾಪಿಲಿ’, ಇರುವುದಕ್ಕೆ ‘ಹ್ಯಾಪಿ’.

ಹಸಿವಿನ ಸಂಗತಿ ಇನ್ನೂ ವಿಚಿತ್ರ. ನಮಗೆ ಹಸಿವು ಆಗುತ್ತದೆ, ಅದು ನಾಮಪದ. ಆಂಗ್ಲನಾದರೋ ತಾನೇ ‘ಹಂಗ್ರಿ’ ಆಗಿರುತ್ತಾನೆ, ಅದು ಗುಣವಾಚಕ. ನಮ್ಮ ಮಕ್ಕಳು ‘ಐ ಆಮ್ ಹಂಗರ್’ ಎಂದರೆ ಆಶ್ಚರ್ಯವೇನು?

‘ಹೇಗೆ’ ಎಂಬುದಕ್ಕೆ ಉತ್ತರವಾದುದು ಕ್ರಿಯಾವಿಶೇಷಣ ಎಂದು ಶಾಲೆಯಲ್ಲಿ ಕಲಿಸುತ್ತೇವೆ. ಈ ಸೂತ್ರ ಅರ್ಧದಾರಿಯಲ್ಲೇ ಕೈಬಿಡುತ್ತದೆ. ಚಹಾ ಹೇಗಿದೆ? ಸಿಹಿಯಾಗಿದೆ. ಇಂಗ್ಲಿಷಿನಲ್ಲಿ ಅದು ‘ಸ್ವೀಟ್’, ‘ಸ್ವೀಟ್ಲಿ’ ಅಲ್ಲ. ಪದದ ಬಾಲವನ್ನೂ ನಂಬುವಂತಿಲ್ಲ: ‘ಫ್ರೆಂಡ್ಲಿ’ ಗುಣವಾಚಕ, ಕಷ್ಟಪಟ್ಟು ದುಡಿಯುವವನನ್ನು ಹೊಗಳಲು ‘ವರ್ಕ್ಸ್ ಹಾರ್ಡ್ಲಿ’ ಎಂದರೆ, ಅವನು ದುಡಿಯುವುದೇ ಅಪರೂಪ ಎಂದಂತಾಗುತ್ತದೆ.

ನಾಮಪದದ ಮುಂದಿಟ್ಟು ನೋಡುವುದು ಇದಕ್ಕಿಂತ ಮೇಲು. ‘ಹ್ಯಾಪಿ ಬಾಯ್’ ನಿಲ್ಲುತ್ತದೆ, ‘ಹ್ಯಾಪಿಲಿ ಬಾಯ್’ ನಿಲ್ಲದು. ಆದರೆ ಆ ಜಾಗದಲ್ಲಿ ನಾಮಪದಗಳೂ ಬಂದು ಕೂರುತ್ತವೆ. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಪಾಠ ನಡೆಸಿದ್ದು ಈ ಸೀಮೆಯಲ್ಲಿ ಜನಜನಿತ. ಆ ಮಾತಿನ ‘ಉರ್ದು’, ‘ಕನ್ನಡ’ ಎರಡೂ ವಿಶೇಷಣದ ವೇಷ ತೊಟ್ಟ ನಾಮಪದಗಳೇ. ‘ಬೀದರ್ ಫೋರ್ಟ್’ ಎಂಬುದೂ ಹಾಗೆಯೇ. ‘ವೆರಿ ಹ್ಯಾಪಿ’ ಎನ್ನಬಹುದು. ‘ವೆರಿ ಬೀದರ್’ ಎನ್ನಲಾಗದು. ಇನ್ನು ‘ಬಿದರಿ’ ನಡೆದದ್ದು ತಿರುಗುಮುರುಗು ದಾರಿ. ‘ಬೀದರಿನ’ ಎಂದಷ್ಟೇ ಹೇಳಬೇಕಾದ ವಿಶೇಷಣವು, ಹೂಜಿ ಹೂದಾನಿಗಳನ್ನು ಹಿಂದೆ ಬಿಟ್ಟು, ಕಪ್ಪುಲೋಹದ ಮೇಲೆ ಬೆಳ್ಳಿ ಕೂರಿಸುವ ಆ ಕಲೆಗೇ ಹೆಸರಾಗಿ ಕುಳಿತಿತು.

ಔರಾದಿನ ಮರಾಠಿ ಮನೆಯ ಮಗು ‘ಚಾಂಗಲಾ ಮುಲಗಾ, ಚಾಂಗಲೀ ಮುಲಗೀ’ ಎನ್ನುತ್ತದೆ. ಬೀದರಿನ ಓಣಿಗಳಲ್ಲಿ ‘ಅಚ್ಛಾ, ಅಚ್ಛೀ’ ಕೇಳಿಬರುತ್ತದೆ. ನಾಮಪದಕ್ಕೆ ತಕ್ಕಂತೆ ತಿರುಗುವ ಆ ಪದ ಯಾರ ಆಳೆಂದು ಮಗುವಿಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ‘ಚಲೋ’ ಮಾತ್ರ ಯಾರಿಗೂ ಬಾಗದು: ಚಲೋ ಹುಡುಗ, ಚಲೋ ಹುಡುಗಿ, ಚಲೋ ಹಾಡ್ತಾಳ. ಇಂಗ್ಲಿಷಿನಲ್ಲಿ ಮೊದಲೆರಡು ‘ಗುಡ್’, ಮೂರನೆಯದು ‘ವೆಲ್’. ಅಚ್ಚ ಕನ್ನಡದ ಹುಡುಗ ಎಡವುವುದು ಇಲ್ಲಿಯೇ.

ಆ ಪತ್ರಿಕೆ ಈಗ ಮತ್ತೆ ಕೈಗೆ ಬಂದರೆ, ‘ಲಿ’ಯೊಂದನ್ನೇ ಹೊಡೆದುಹಾಕಿ, ಬದಿಯಲ್ಲಿ ‘ಆಗಿ’ ಎಂದು ಬರೆದೇನು.